ಸ್ಪಷ್ಟನೆ: ಶೇ 47ರಷ್ಟು ಕೆಲಸ ಹೋಗುತ್ತದೆ ಎಂದು ಆಕ್ಸ್‌ಫರ್ಡ್ ಹೇಳಿಲ್ಲ

‘ಕಂಪ್ಯೂಟರ್‌ನಿಂದಾಗಿ ಜಗತ್ತಿನ ಶೇ 47ರಷ್ಟು ಕೆಲಸಗಳು ಮಾಯವಾಗುತ್ತವೆ, ಆಕ್ಸ್‌ಫರ್ಡ್ ಹೇಳಿದೆ’ ಎಂಬ ಮಾತು ಹರಿದಾಡುತ್ತಲೇ ಇದೆ. ಕಾಮರ್ಸ್ ಓದುವ ಮಕ್ಕಳನ್ನು ಸುಮ್ನೆ ಹೆದರಿಸುವ ಮಾತಿದು. 2013ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಕಾರ್ಲ್ ಫ್ರೇ, ಮೈಕಲ್ ಆಸ್ಬರ್ನ್ ನೋಡಿದ್ದು ಅಮೆರಿಕದ 702 ಬಗೆಯ ಕೆಲಸಗಳನ್ನು ಮಾತ್ರ. ಅವನ್ನು ಕಂಪ್ಯೂಟರ್ ಮಾಡಬಲ್ಲದೇ ಎಂದು ಅಂದಾಜು ಹಾಕಿದರು; ಅಮೆರಿಕದ ಉದ್ಯೋಗಗಳಲ್ಲಿ ಶೇ 47ಕ್ಕೆ ಆ ಅಪಾಯ ಹೆಚ್ಚು ಎಂದರು. ನಿಜಕ್ಕೂ ಎಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಹೇಳಲೇ ಇಲ್ಲ.

ಅವರ ಪಟ್ಟಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೆ ಅಪಾಯ ಶೇ 98. ಕೂಡಿ ಕಳೆಯುವುದನ್ನು ಕಂಪ್ಯೂಟರ್ ಮಾಡುತ್ತದೆ, ಸರಿ. ಆದರೆ ಬಾಕಿದಾರರಿಗೆ ಫೋನ್ ಮಾಡಿ ಒಪ್ಪಿಸುವುದು, ತಾಳೆಯಾಗದ ಬಿಲ್ ಹಿಡಿದು ಗೋಡೌನ್‌ಗೆ ಹೋಗಿ ವಿಚಾರಿಸುವುದು? ಅದೂ ಅವರ ಕೆಲಸವೇ ಅಲ್ವಾ? ಹೀಗೆ ಕೆಲಸಗಳನ್ನು ಬಿಡಿಸಿ ನೋಡಿದ 2016ರ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಆರ್ಥಿಕ ಸಂಘಟನೆ) ಅಧ್ಯಯನದ ಪ್ರಕಾರ, 21 ದೇಶಗಳಲ್ಲಿ ಹೆಚ್ಚು ಅಪಾಯದಲ್ಲಿರುವ ಕೆಲಸಗಳು ಸರಾಸರಿ ಶೇ 9. ಅದೂ ಕಡಿಮೆಯೇನಲ್ಲ, ಆ ಜನಕ್ಕೆ ಹೊಸ ತರಬೇತಿ ಬೇಕೇ ಬೇಕು.