ಸಹಿ ಬೇಕು, ಮಾತು ಬೇಡ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ಮನೆಗಳಲ್ಲಿ ಇದನ್ನು ಇನ್ನೂ ಎಷ್ಟು ಸಲ ನೋಡಬೇಕೋ. ಊರಿಂದ ತಮ್ಮ ಫೋನ್ ಮಾಡುತ್ತಾನೆ, ಅದೂ ಅಕ್ಕನಿಗಲ್ಲ, ಅವಳ ಗಂಡನಿಗೆ. ‘ಭಾವ, ಹಕ್ಕು ಬಿಡುಗಡೆ ಪತ್ರ ರೆಡಿ ಇದೆ, ಅಕ್ಕನನ್ನು ಕರ್ಕೊಂಡು ಬನ್ನಿ, ಒಂದು ಸಹಿ ಹಾಕಿದರೆ ಆಯ್ತು.’ ಅಜ್ಜನ ಕಾಲದ ಜಮೀನು, ಪಾಲು ಅವಳದು, ಅವಳು ಅಲ್ಲೇ ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆ, ಆದರೂ ನಿನಗೇನು ಅನ್ನಿಸುತ್ತೆ ಅಂತ ಒಬ್ಬರೂ ಕೇಳುವುದಿಲ್ಲ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾದವಳಿಗೂ. 2005ರಲ್ಲೇ ಕಾನೂನು ಆಯ್ತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಆದರೆ ಬಾಯಿ ಬಿಟ್ಟು ಕೇಳಿದರೆ? ‘ತವರು ಬೇಡವಾ ನಿನಗೆ?’ ಪಂಚಮಿಗೆ ಕರೆಯುವುದಿಲ್ಲ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ. ಅದಕ್ಕೇ ಅವಳು ಸುಮ್ನಿರುತ್ತಾಳೆ. ಆಮೇಲೆ ಅದನ್ನೇ ‘ನಮ್ಮಕ್ಕ ಬಂಗಾರ, ಯಾವತ್ತೂ ಎದುರಾಡಿದವಳಲ್ಲ’ ಅಂತ ನೆಂಟರ ಮುಂದೆ ಹೊಗಳುವುದು ಬೇರೆ. ನನಗೆ ಮೈ ಉರಿಯುವುದು ಇಲ್ಲೇ. ಪಾಲು ಬಿಡುವುದಾದರೆ ಅವಳೇ ಯೋಚಿಸಿ ಬಿಡಲಿ. ಬೇಕು ಅಂದರೆ ಕೊಡಿ. ಮೊದಲು ಫೋನ್ ಅವಳಿಗೆ ಮಾಡಿ.