ನೊರೆ ನೋಡೋಕೆ ಮಂಗಳೂರು ಯಾಕೆ?

ಕೋಲಾರದಿಂದ 400 ಕಿಲೋಮೀಟರಿಗೂ ಜಾಸ್ತಿ ದೂರ ಬಸ್ಸಲ್ಲಿ ಕೂತು ಮಂಗಳೂರು ನೋಡಿ ಬಂದೆವು. ಪಣಂಬೂರು, ಕುದ್ರೋಳಿ, ಸುಲ್ತಾನ್ ಬತ್ತೇರಿ, ಕೊನೆಗೆ ಗಡ್‌ಬಡ್ ಐಸ್‌ಕ್ರೀಮು. ಒಂದೇ ದಿನದಲ್ಲಿ ಮುಗಿಸಿದ್ದರಿಂದ ಯಾವುದು ಎಲ್ಲಿತ್ತು ಅಂತ ಫೋಟೊ ನೋಡಿಯೇ ಹೇಳಬೇಕು.

ಒಂದು ಮಾತ್ರ ಚೆನ್ನಾಗಿ ನೆನಪಿದೆ. ಬತ್ತೇರಿ ಹತ್ತಿರ ದೋಣಿ ಹತ್ತಿ ಫಲ್ಗುಣಿ ಹೊಳೆ ದಾಟಿದರೆ ತಣ್ಣೀರುಬಾವಿ ಅಂದರು. ಬಾವಿ ಅಂದ ತಕ್ಷಣ ನಮ್ಮ ದೊಡ್ಡಮ್ಮನ ಕಿವಿ ನಿಮಿರಿತು. "ಎಷ್ಟಡಿಗೆ ನೀರು ಬಿತ್ತಪ್ಪಾ?" ದೋಣಿಯವನು ಕಣ್ಣು ಕಣ್ಣು ಬಿಟ್ಟ. ಸುತ್ತ ನೀರೇ ನೀರು, ಈಯಮ್ಮ ಅಡಿ ಲೆಕ್ಕ ಕೇಳುತ್ತಿದ್ದಾರೆ. 1,500 ಅಡಿ ಕೊರೆಸಿ ಬರೀ ಧೂಳು ಕಂಡವರ ಕಷ್ಟ ಅವನಿಗೇನು ಗೊತ್ತು?

ಸಮುದ್ರ ನೋಡಿಯೂ ದೊಡ್ಡಮ್ಮನಿಗೆ ಅಂಥಾ ಖುಷಿಯೇನೂ ಆಗಲಿಲ್ಲ. "ಈ ನೊರೆ ನಮ್ಮ ಲಕ್ಷ್ಮೀಸಾಗರದ ಕೆರೆಯಲ್ಲೇ ಇತ್ತಲ್ವಾ?" ಅಂದರು.

ಹೌದಲ್ಲ! 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂದ ಹೊಸದರಲ್ಲೇ ಅಲ್ಲಿ ನೊರೆ ಎದ್ದಿತ್ತು. ಬೆಂಗಳೂರಿನವರು ಮಿಂದು, ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟ ನೀರು (ಉಳಿದದ್ದು ಬೇಡ, ನಿಮಗೆ ಊಟದ ಹೊತ್ತು). ಅದನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ. ಮೂರನೇ ಹಂತವೂ ಬೇಕು ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ. ಪಾಪ, ಅದೂ ಆಗಿಬಿಟ್ಟರೆ ನೊರೆ ನೋಡೋಕೆ ಮತ್ತೆ ಮಂಗಳೂರಿಗೇ ಹೋಗಬೇಕಲ್ಲ!

ಸುಮ್ನೆ ಕೋಲಾರವನ್ನೇ ಕರಾವಳಿ ನಗರ ಅಂತ ಘೋಷಿಸಿಬಿಡಿ. ಆಳ ಬೇಕಾ? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಇಳಿದಿದೆ. 2001ರಲ್ಲಿ ಗಣಿಗೆ ಬೀಗ ಬಿತ್ತು, ಅದೊಂದೇ ಕೊರತೆ. ಮರಳು ಬೇಕಾ? ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳಿವೆ. ಪಣಂಬೂರಿನಲ್ಲಿ ಮರಳಿನ ಹತ್ತಿರ ನೀವು ಹೋಗಬೇಕು. ಇಲ್ಲಿ ಗಾಳಿ ಬೀಸಿದರೆ ಸಾಕು, ಅದೇ ನಿಮ್ಮ ಮನೆಗೆ, ತಟ್ಟೆಗೆ ಬರುತ್ತದೆ.

ಇನ್ನು ಉಬ್ಬರ. ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಅಂತೆ. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದಾಗ. ಪಣಂಬೂರಿನಲ್ಲಿ ಕಾವಲಿನವನು ಸೀಟಿ ಊದಿದರೆ ಜನ ನೀರು ಬಿಟ್ಟು ಆಚೆ ಬರುತ್ತಿದ್ದರು. ಇಲ್ಲಿ ಹಾರ್ನ್ ಕೇಳಿದ್ದೇ ತಡ, ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಬಿಂದಿಗೆ ಹಿಡಿದು ಓಡುತ್ತಾರೆ. ಮಂಗಳೂರಿಂದ ತಂದ ಕಪ್ಪೆಚಿಪ್ಪು ಒಂದು ಬಿಂದಿಗೆಯ ತಳದಲ್ಲೇ ಉಳಿದಿದೆ, ಲೊಟಲೊಟ ಅನ್ನುತ್ತದೆ.