ಆ ಒಂದು ಹಾಡಿನ ಆಚೆಗೂ ಇದ್ದಾಳೆ ಕೊರಿನ್ ಬೇಲಿ ರೇ

ಬ್ರಿಟನ್ನಿನ ಹಾಡುಗಾರ್ತಿ ಕೊರಿನ್ ಬೇಲಿ ರೇ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಹಾಡು, 'ಪುಟ್ ಯುವರ್ ರೆಕಾರ್ಡ್ಸ್ ಆನ್'. ಕೆಲವರಿಗೆ ಹೆಸರು ಗೊತ್ತಿರುವುದಿಲ್ಲ, ಹಾಡು ಕೇಳಿಸಿದರೆ "ಓ, ಇದಾ!" ಅನ್ನುತ್ತಾರೆ. 2006ರ ಹಾಡು. ಹುಡುಗಿಯರೆಲ್ಲ ಸೈಕಲ್ ತುಳಿಯುತ್ತಾ ಹೋಗುವ ವಿಡಿಯೋ. 2020ರಲ್ಲಿ ರಿಟ್ ಮಾಮ್ನಿ ಅನ್ನುವ ಅಮೆರಿಕದ ಹುಡುಗ ಅದನ್ನೇ ಮತ್ತೆ ಹಾಡಿದ, ಟಿಕ್‌ಟಾಕ್‌ನಲ್ಲಿ ಎಲ್ಲೆಲ್ಲೂ ಅದೇ ಆಯಿತು. ಈಗಿನ ಎಷ್ಟೋ ಮಕ್ಕಳು ಅದು ಅವನದೇ ಹಾಡು ಅಂದುಕೊಂಡಿದ್ದಾರೆ.

ಹಾಡು ನನಗೂ ಇಷ್ಟ. ಬೇಜಾರಿರುವುದು ಆ ಹಾಡು ಈಕೆಗೆ ಅಂಟಿಸಿದ ಹಣೆಪಟ್ಟಿಯ ಬಗ್ಗೆ. ಮೆಲುದನಿ, ಹಿತವಾದ ಸಂಗೀತ, ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಹಿನ್ನೆಲೆಯಲ್ಲಿ ಹಾಕಿಕೊಳ್ಳುವಂಥದ್ದು, ಇಷ್ಟೇ. ಹತ್ತೊಂಬತ್ತು ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ. ನನ್ನ ಪ್ರಕಾರ ಇದು ಅರ್ಧ ಮಾತ್ರ ನಿಜ, ಅದೂ ಚಿಕ್ಕ ಅರ್ಧ.

ಕೊರಿನ್ ಹುಟ್ಟಿದ್ದು 1979ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಪ್ಪ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ಕಡೆಯವರು, ಅಮ್ಮ ಇಂಗ್ಲೆಂಡಿನವರು. ಮೂವರು ಹೆಣ್ಣುಮಕ್ಕಳಲ್ಲಿ ಈಕೆಯೇ ದೊಡ್ಡವಳು. ಶಾಲೆಯಲ್ಲಿ ವಯಲಿನ್ ಕಲಿತಳು, ಚರ್ಚಿನಲ್ಲಿ ಹಾಡಿದಳು. ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ನೆರವಾದದ್ದು ಚರ್ಚಿನಲ್ಲಿ ಯುವಕರ ಗುಂಪು ನೋಡಿಕೊಳ್ಳುತ್ತಿದ್ದವರು.

ಆ ಗಿಟಾರ್ ಹಿಡಿದು ಹದಿಹರೆಯದಲ್ಲಿ ಕಟ್ಟಿದ್ದು ಹೆಲೆನ್ ಅನ್ನುವ ಹುಡುಗಿಯರ ರಾಕ್ ಬ್ಯಾಂಡ್. ಎಲ್7, ವೆರೂಕಾ ಸಾಲ್ಟ್ ಥರದ ಗಿಟಾರ್ ಅಬ್ಬರದ ಗುಂಪುಗಳೇ ಸ್ಫೂರ್ತಿ. ಸ್ಲಿಪ್‌ನಾಟ್‌ನಂಥ ಮೆಟಲ್ ಬ್ಯಾಂಡ್‌ಗಳನ್ನು ಬೆಳೆಸಿದ ರೋಡ್‌ರನ್ನರ್ ಕಂಪನಿ ಇವರ ಜೊತೆ ಒಪ್ಪಂದ ಮಾಡಿಕೊಳ್ಳುವ ಹಂತಕ್ಕೂ ಬಂದಿತ್ತು. ಅಷ್ಟರಲ್ಲಿ ಬೇಸ್ ನುಡಿಸುತ್ತಿದ್ದವಳು ಗರ್ಭಿಣಿಯಾದಳು. ಒಪ್ಪಂದವೂ ಆಗಲಿಲ್ಲ, ಬ್ಯಾಂಡೂ ಉಳಿಯಲಿಲ್ಲ. ಈಕೆಯ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ತಮಾಷೆಯ ಸಂಗತಿ ಥರ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದಳು. ಓದುವಾಗಲೇ ಊರಿನ ಒಂದು ಜಾಝ್ ಕ್ಲಬ್‌ನಲ್ಲಿ ಬಂದವರ ಕೋಟುಗಳನ್ನು ತೆಗೆದಿಡುವ ಕೆಲಸ. ಜನ ಕಮ್ಮಿ ಇದ್ದ ದಿನ ವೇದಿಕೆ ಹತ್ತಿ ಹಾಡಲು ಬಿಡುತ್ತಿದ್ದರು. ಸೋಲ್ (ಕಪ್ಪು ಅಮೆರಿಕನ್ನರ ಭಾವತುಂಬಿದ ಹಾಡುಗಾರಿಕೆ) ಮತ್ತು ಜಾಝ್ ಈಕೆಯ ಗಂಟಲಿಗೆ ಇಳಿದದ್ದು ಅಲ್ಲಿ. ಜೇಸನ್ ರೇ ಪರಿಚಯವಾದದ್ದೂ ಆ ದಿನಗಳಲ್ಲೇ. ಸ್ಕಾಟ್ಲೆಂಡಿನವನು, ಸ್ಯಾಕ್ಸೊಫೋನ್ ವಾದಕ. 2001ರಲ್ಲಿ ಮದುವೆಯಾದರು.

2006ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್ ಬಂತು, ಬಂದ ವಾರವೇ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನ. ಅಮೆರಿಕದಲ್ಲೂ ನಾಲ್ಕನೇ ಸ್ಥಾನದವರೆಗೆ ಹೋಯಿತು. ಆಮಿ ವೈನ್‌ಹೌಸ್‌ಳ 'ಬ್ಯಾಕ್ ಟು ಬ್ಲ್ಯಾಕ್' ಬಂದದ್ದೂ ಅದೇ ವರ್ಷ, ಬ್ರಿಟಿಷ್ ಹುಡುಗಿಯರ ಸೋಲ್ ಸಂಗೀತಕ್ಕೆ ಎಂಥ ವರ್ಷ ನೋಡಿ. ಆ ಆಲ್ಬಮ್ಮಿನಲ್ಲಿ ನನಗೆ 'ಲೈಕ್ ಎ ಸ್ಟಾರ್' ಎಲ್ಲಕ್ಕಿಂತ ಜಾಸ್ತಿ ಇಷ್ಟ. ಗಿಟಾರಿನ ಒಂದೊಂದೇ ತಂತಿ ಮೀಟಿದ ಸದ್ದು, ಕಿವಿಯ ಹತ್ತಿರ ಬಂದು ಹಾಡಿದಂಥ ದನಿ. ಸಾಲಿನ ಕೊನೆಗೆ ದನಿ ಸ್ವಲ್ಪ ಒಡೆಯುತ್ತದೆ. ಅದನ್ನು ಸರಿಮಾಡಲು ಹೋಗದೆ ಹಾಗೇ ಬಿಟ್ಟಿದ್ದಾಳೆ. ಹಳೆಯ ಕಾಲದ ಹೆಸರಾಂತ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಜೊತೆ ಹೋಲಿಸಿದ್ದು ಸುಮ್ನೆ ಅಲ್ಲ.

2008ರ ಫೆಬ್ರವರಿಯಲ್ಲಿ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾಂಕಾಕ್ ಅವರ 'ರಿವರ್' ಆಲ್ಬಮ್ಮಿಗೆ ವರ್ಷದ ಆಲ್ಬಮ್ ಗ್ರ್ಯಾಮಿ ಬಂತು. ಅದರ ಶೀರ್ಷಿಕೆ ಗೀತೆ ಹಾಡಿದ್ದು ಕೊರಿನ್, ಹಾಗಾಗಿ ಆಕೆಗೂ ಗ್ರ್ಯಾಮಿ. ಮಾರ್ಚ್ 22ಕ್ಕೆ ಜೇಸನ್ ಇಲ್ಲ. ಮೆಥಡೋನ್ (ಹೆರಾಯಿನ್ ಚಟ ಬಿಡಿಸಲು ಕೊಡುವ ಔಷಧಿ) ಮತ್ತು ಮದ್ಯ ಸೇರಿ ಆದ ಆಕಸ್ಮಿಕ ಸಾವು. ಕೊರಿನ್‌ಗೆ ಆಗ 29 ವರ್ಷ. ಎಷ್ಟೋ ಕಾಲ ಏನೂ ಮಾಡಲಿಲ್ಲ.

2010ರಲ್ಲಿ 'ದ ಸೀ' ಬಂತು. ಇದನ್ನು ಎಲ್ಲರೂ ಗಂಡ ಸತ್ತ ದುಃಖದ ಆಲ್ಬಮ್ ಅಂತ ಮಾತ್ರ ಓದಿಕೊಂಡರು. ಆದರೆ 'ಐ'ಡ್ ಡು ಇಟ್ ಆಲ್ ಅಗೇನ್' ಅನ್ನುವ ಹಾಡು ಜೇಸನ್ ಬದುಕಿದ್ದಾಗಲೇ, ಇಬ್ಬರಿಗೂ ಜಗಳವಾದ ಮೇಲೆ ಬರೆದದ್ದು. ಶೀರ್ಷಿಕೆ ಗೀತೆಯಲ್ಲಿರುವುದು ಆಕೆಯ ತಾತ. ದೋಣಿ ಅಪಘಾತದಲ್ಲಿ ಹೋದವರು, ಅದನ್ನು ಅವರ ಮಗಳು ದಡದಲ್ಲಿ ನಿಂತು ನೋಡಿದ್ದಳು. ಈ ಎರಡು ಹಾಡೂ ಮೊದಲೇ ಇದ್ದವು, ಬದುಕು ಆಮೇಲೆ ಬಂದು ಅವುಗಳಿಗೆ ಬೇರೆ ಅರ್ಥ ಕೊಟ್ಟಿತು. ನಾನು ಆ ಆಲ್ಬಮ್ಮನ್ನು ಒಂದೇ ಸಲಕ್ಕೆ ಪೂರ್ತಿ ಕೇಳುವುದು ಅಪರೂಪ, ಆಗುವುದಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. ಬಾಬ್ ಮಾರ್ಲಿಯ ಹಾಡೊಂದನ್ನು ತನ್ನ ರೀತಿಯಲ್ಲಿ ಹಾಡಿ 2012ರಲ್ಲಿ ಇನ್ನೊಂದು ಗ್ರ್ಯಾಮಿ. 2013ರಲ್ಲಿ ಸಂಗೀತ ನಿರ್ಮಾಪಕ ಸ್ಟೀವ್ ಬ್ರೌನ್ ಜೊತೆ ಮದುವೆ, ಇಬ್ಬರು ಹೆಣ್ಣುಮಕ್ಕಳು. 2016ರಲ್ಲಿ ಮೂರನೇ ಆಲ್ಬಮ್. ಚೆನ್ನಾಗಿದೆ, ಆದರೆ ನನಗೆ ಅದು ಸ್ವಲ್ಪ ಜಾಸ್ತಿ ನುಣುಪು ಅನಿಸಿತು.

ಈಗ ನಿಜವಾಗಿ ಹೇಳಬೇಕಾದದ್ದು. 2023ರ ಆಲ್ಬಮ್ 'ಬ್ಲ್ಯಾಕ್ ರೇನ್‌ಬೋಸ್'.

ಶಿಕಾಗೋದಲ್ಲಿ ಸ್ಟೋನಿ ಐಲ್ಯಾಂಡ್ ಆರ್ಟ್ಸ್ ಬ್ಯಾಂಕ್ ಅಂತ ಇದೆ. ಪಾಳುಬಿದ್ದಿದ್ದ ಹಳೆಯ ಬ್ಯಾಂಕ್ ಕಟ್ಟಡವನ್ನು ಥಿಯೇಸ್ಟರ್ ಗೇಟ್ಸ್ ಅನ್ನುವ ಕಲಾವಿದ ಕಪ್ಪು ಜನರ ಚರಿತ್ರೆಯ ಸಂಗ್ರಹಾಲಯ ಮಾಡಿದ್ದಾರೆ. 'ಎಬೊನಿ', 'ಜೆಟ್' ಪತ್ರಿಕೆಗಳನ್ನು ತರುತ್ತಿದ್ದ ಸಂಸ್ಥೆಯ ಗ್ರಂಥಾಲಯ ಅಲ್ಲಿದೆ. ಕಪ್ಪು ಜನರನ್ನು ಹೀಯಾಳಿಸಲೆಂದೇ ಮಾಡಿದ ಹಳೆಯ ಮನೆಸಾಮಾನುಗಳೂ ಇವೆ. ಕೊರಿನ್ ಅಲ್ಲಿಗೆ ಮತ್ತೆ ಮತ್ತೆ ಹೋದಳು. ಅಲ್ಲಿ ಕಂಡದ್ದೇ ಹಾಡುಗಳಾದವು. ಕಪ್ಪು ಮಗುವಿನ ತೆರೆದ ಬಾಯಿಯ ಆಕಾರದ ಆಶ್‌ಟ್ರೇ, ಅಂದರೆ ಸಿಗರೇಟು ಆರಿಸುವುದು ಮಗುವಿನ ಬಾಯೊಳಗೆ. ಅದನ್ನು ನೋಡಿದವಳು 'ಇರೇಷರ್' ಬರೆದಳು. ಅದರಲ್ಲಿ ಆಕೆ ಕಿರುಚುತ್ತಾಳೆ. ಗಿಟಾರ್ ಹರಿದುಹೋಗುವ ಹಾಗೆ ಸದ್ದು ಮಾಡುತ್ತದೆ. ಆ ವಸ್ತುವಿನ ಬಗ್ಗೆ ಮೆಲ್ಲಗೆ ಹಾಡುವುದು ಹೇಗೆ, ನೀವೇ ಹೇಳಿ.

'ನ್ಯೂಯಾರ್ಕ್ ಟ್ರಾನ್ಸಿಟ್ ಕ್ವೀನ್' ಎರಡು ನಿಮಿಷವೂ ಇಲ್ಲ. 1954ರಲ್ಲಿ ಮಿಸ್ ನ್ಯೂಯಾರ್ಕ್ ಟ್ರಾನ್ಸಿಟ್ ಅನ್ನುವ ಸೌಂದರ್ಯ ಸ್ಪರ್ಧೆ ಗೆದ್ದಿದ್ದ ಆಡ್ರಿ ಸ್ಮಾಲ್ಟ್ಸ್ ಅವರ ಹಳೆಯ ಫೋಟೋದಿಂದ ಹುಟ್ಟಿದ ಹಾಡು, ಚಪ್ಪಾಳೆ, ಕೂಗು, ಪಂಕ್ ಅನ್ನುವ ಒರಟು, ವೇಗದ ರಾಕ್‌ನ ಗಿಟಾರ್. ಅದೇ ಆಲ್ಬಮ್ಮಿನಲ್ಲಿ 'ಪೀಚ್ ವೆಲ್ವೆಟ್ ಸ್ಕೈ' ಕೂಡ ಇದೆ, ಪಿಯಾನೋ ಜೊತೆ ಹಾಡಿದ್ದು. ಅದು ಹ್ಯಾರಿಯೆಟ್ ಜೇಕಬ್ಸ್ ಬಗ್ಗೆ. ಅಮೆರಿಕದಲ್ಲಿ ಗುಲಾಮಳಾಗಿದ್ದ ಆಕೆ ಒಡೆಯನಿಂದ ತಪ್ಪಿಸಿಕೊಂಡು, ಅಜ್ಜಿಯ ಮನೆಯ ಸೂರಿನಡಿ ಸುಮಾರು ಏಳು ವರ್ಷ ಅಡಗಿದ್ದವರು. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಹೆಚ್ಚೆಂದರೆ 3 ಅಡಿ. ನಿಲ್ಲಲೂ ಆಗದ ಜಾಗ. ಹಲಗೆಯಲ್ಲಿ ತೂತು ಕೊರೆದು ಹೊರಗೆ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದರು. ಆ ತೂತಿನಿಂದ ಕಂಡ ಆಕಾಶದ ಬಗ್ಗೆ ಕೊರಿನ್ ಹಾಡುತ್ತಾಳೆ. 2006ರಲ್ಲಿ ಎಲ್ಲರೂ ಹಿತವಾದ ದನಿ ಅಂದರಲ್ಲ, ಅದೇ ದನಿ ಇಲ್ಲಿ ಉಸಿರು ಕಟ್ಟಿಸುತ್ತದೆ.

ಕೆಲವರು ಕೊರಿನ್ ದಾರಿ ಬದಲಿಸಿದಳು, ನಿಯೋ ಸೋಲ್ ಬಿಟ್ಟುಬಿಟ್ಟಳು ಅನ್ನುತ್ತಾರೆ. ಹೆಲೆನ್ ಬ್ಯಾಂಡಿನ ಕತೆ ಮುಖ್ಯ ಅಂದದ್ದು ಇದಕ್ಕೇ. ಆ ಗಿಟಾರ್ ಮೊದಲಿನಿಂದಲೂ ಆಕೆಯದೇ. ಮೊದಲ ಆಲ್ಬಮ್ ಗೆದ್ದ ಭರದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ನಾವು ಕೇಳುಗರೂ ಅದನ್ನು ಕೇಳಲಿಲ್ಲ. 'ಬ್ಲ್ಯಾಕ್ ರೇನ್‌ಬೋಸ್' ಅನ್ನು ತನ್ನ ಹೆಸರಿನಲ್ಲಿ ಹೊರತರದೆ ಬೇರೆಯದೇ ಪ್ರಾಜೆಕ್ಟ್ ಮಾಡುವ ಯೋಚನೆಯೂ ಆಕೆಗೆ ಇತ್ತಂತೆ. ಹಾಗೆ ಮಾಡದೆ ತನ್ನ ಹೆಸರನ್ನೇ ಹಾಕಿದಳಲ್ಲ, ಅದಕ್ಕೆ ದೊಡ್ಡ ಧೈರ್ಯ ಬೇಕು. ನಿಯೋ ಸೋಲ್ ಅನ್ನುವುದಾದರೂ ಏನು? ಹಳೆಯ ಸೋಲ್‌ಗೆ ಜಾಝ್, ಹಿಪ್‌ಹಾಪ್, ಕೈಗೆ ಸಿಕ್ಕಿದ್ದೆಲ್ಲ ಬೆರೆಸಿ ಹುಟ್ಟಿದ್ದು ತಾನೇ. ಅದಕ್ಕೆ ಪಂಕ್ ಸೇರಿದರೆ ಮೈಲಿಗೆ ಆಗುತ್ತದಾ?

2024ರಲ್ಲಿ ಈ ಆಲ್ಬಮ್, ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಉತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಗೆದ್ದದ್ದು ಇಂಗ್ಲಿಷ್ ಟೀಚರ್ ಅನ್ನುವ ಬ್ಯಾಂಡ್, ಅವರೂ ಲೀಡ್ಸ್‌ನವರೇ. ಕೊರಿನ್‌ಗೆ ಬರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಕೇಳುವುದಾದರೆ ಮೊದಲು 'ಇರೇಷರ್' ಕೇಳಿ, ಸೌಂಡ್ ಜಾಸ್ತಿ ಇಟ್ಟುಕೊಂಡು. ತಕ್ಷಣ 'ಪೀಚ್ ವೆಲ್ವೆಟ್ ಸ್ಕೈ' ಹಾಕಿ. ಕೇಳಿದವರು ಕೆಳಗೆ ಬರೆಯಿರಿ. ಒಪ್ಪದಿದ್ದರೂ ಪರವಾಗಿಲ್ಲ, ಈಕೆಯ ಬಗ್ಗೆ ಮಾತಾಡುವವರು ನನಗೆ ಸಿಗುವುದೇ ಕಮ್ಮಿ.